ಡಂಡ್ರಮ್: ಹಳಿ ಕಿತ್ತರೂ ಉಳಿದ ದಾರಿ

ಐರ್ಲೆಂಡಿನ ಡಬ್ಲಿನ್ ನಗರದ ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದ ಬದಿಯಿಂದ ದಕ್ಷಿಣಕ್ಕೆ ಹೊರಡುವ ಲುವಾಸ್ ಟ್ರಾಮ್ ಮೊದಲ ಕೆಲವು ನಿಮಿಷ ಬೀದಿಯ ಕಟ್ಟಳೆಗೆ ಒಳಪಟ್ಟೇ ನಡೆಯುತ್ತದೆ. ಹಾರ್ಕೋರ್ಟ್ ಬೀದಿಯ ಸಾಲುಮನೆಗಳ ನಡುವೆ ಮೆಲ್ಲಗೆ ಸಾಗುತ್ತದೆ, ಸಿಗ್ನಲ್ಲಿಗೆ ಕಾಯುತ್ತದೆ, ಅಡ್ಡ ಬಂದವರಿಗೆ ಗಂಟೆ ಬಾರಿಸುತ್ತದೆ. ಆಮೇಲೆ ಒಂದೆರಡು ತಿರುವು ದಾಟಿದ ಕೂಡಲೇ ರಸ್ತೆಯನ್ನು ಬಿಟ್ಟು ಮೇಲೇರಿ, ಗ್ರ್ಯಾಂಡ್ ಕಾಲುವೆಯನ್ನು ಎತ್ತರದಲ್ಲಿ ದಾಟಿ, ಕಟ್ಟುಬಿಚ್ಚಿದ ಕರುವಿನಂತೆ ಓಡತೊಡಗುತ್ತದೆ. ಅಲ್ಲಿಂದ ಮುಂದೆ ಮನೆಗಳ ಹಿತ್ತಲುಗಳ ಪಕ್ಕದಲ್ಲಿ, ಕೆರೆಯ ಏರಿಯಂಥ ಮಣ್ಣಿನ ದಿಬ್ಬದ ಮೇಲೆ, ಎತ್ತರದ ಕಲ್ಲುಕಮಾನುಗಳ ಮೇಲೆ ಅದರ ಪಯಣ. ಹೀಗೆ ರೆನಲಾ, ಬೀಚ್‌ವುಡ್, ಕೂಪರ್, ಮಿಲ್‌ಟೌನ್, ವಿಂಡಿ ಆರ್ಬರ್ ದಾಟಿದರೆ ಸಿಗುವುದು ಡಂಡ್ರಮ್.

ಬೀದಿಯಲ್ಲಿ ಅಷ್ಟು ಹಿಂಜರಿಯುತ್ತಿದ್ದ ವಾಹನಕ್ಕೆ ಕಾಲುವೆ ದಾಟಿದ ಮೇಲೆ ಇಷ್ಟು ಧೈರ್ಯ ಎಲ್ಲಿಂದ ಬಂತು? ಉತ್ತರ ಅದರ ಮೋಟಾರಿನಲ್ಲಿಲ್ಲ, ನೆಲದಲ್ಲಿದೆ. ಕಾಲುವೆಯ ಆಚೆಗಿನ ದಾರಿಯನ್ನು ಟ್ರಾಮಿಗಾಗಿ ಯಾರೂ ಕಡಿದದ್ದಲ್ಲ. ಅದು 1854ರಲ್ಲಿ ಉಗಿಬಂಡಿಗಾಗಿ ಮಾಡಿದ ದಾರಿ. 1958ರ ಕೊನೆಯ ದಿನ ಆ ರೈಲು ನಿಂತಿತು, ಹಳಿಗಳನ್ನು ಕಿತ್ತರು. ಸುಮಾರು 46 ವರ್ಷ ಖಾಲಿ ಬಿದ್ದಿದ್ದ ಆ ನೆಲದ ಪಟ್ಟಿಯ ಮೇಲೆ 2004ರಲ್ಲಿ ಟ್ರಾಮ್ ಬಂತು. ಡಂಡ್ರಮ್ ನಿಲ್ದಾಣದಲ್ಲಿ ಇಳಿದರೆ ಇದು ಕಣ್ಣಿಗೇ ಕಾಣುತ್ತದೆ. ಇಂದಿನ ತಗ್ಗು ಪ್ಲಾಟ್‌ಫಾರ್ಮಿನ ಬದಿಯಲ್ಲೇ ಹಳೆಯ ರೈಲು ನಿಲ್ದಾಣದ ಕಟ್ಟಡ ಇನ್ನೂ ನಿಂತಿದೆ. ರೈಲಿನ ಕೆಲಸ ಬಿಟ್ಟು ದಶಕಗಳೇ ಕಳೆದ ಕಟ್ಟಡವದು. ಅದರ ಮುಂದೆ ಮತ್ತೆ ಜನ ಹತ್ತಿ ಇಳಿಯುತ್ತಿದ್ದಾರೆ.

ಸತ್ತ ರೈಲುಮಾರ್ಗವೊಂದು ಹೀಗೆ ಎದ್ದು ಬರಲು ಏನೇನು ಕೂಡಿಬರಬೇಕು ಎಂಬುದನ್ನು ಅರಿಯಲು ಡಂಡ್ರಮ್‌ಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಮೊದಲು ಅದು ಸತ್ತದ್ದೇಕೆ ಎಂದು ನೋಡೋಣ.

ಐರಿಷ್ ಭಾಷೆಯಲ್ಲಿ ಈ ಊರಿನ ಹೆಸರು ‘ಡೂನ್ ಡ್ರೊಮಾ’, ಅಂದರೆ ದಿಣ್ಣೆಯ ಮೇಲಿನ ಕೋಟೆ. ಕೋಟೆಯ ಅವಶೇಷ ಇಂದಿಗೂ ಇದೆ. ರೈಲು ಬರುವಾಗ ಇದು ನಗರದ ಹೊರಗಿನ ಹಳ್ಳಿ. 1854ರ ಜುಲೈ 10ರಂದು ಡಬ್ಲಿನ್‌ನ ಹಾರ್ಕೋರ್ಟ್ ರಸ್ತೆಯ ತಾತ್ಕಾಲಿಕ ನಿಲ್ದಾಣದಿಂದ ಡಂಡ್ರಮ್ ಮೂಲಕ ಕಡಲತೀರದ ಬ್ರೇ ಪಟ್ಟಣಕ್ಕೆ ರೈಲು ಆರಂಭವಾಯಿತು. ಬ್ರೇಗೆ ಕರಾವಳಿಯನ್ನೇ ಅನುಸರಿಸಿ ಹೋಗುವ ಇನ್ನೊಂದು ಮಾರ್ಗವೂ ಅದೇ ಕಾಲಕ್ಕೆ ಸಿದ್ಧವಾಯಿತು. ಒಂದೇ ಊರಿಗೆ ಎರಡು ದಾರಿ, ಒಂದು ಸಮುದ್ರದ ಅಂಚಿನಲ್ಲಿ, ಇನ್ನೊಂದು ಒಳನಾಡಿನ ಏರುನೆಲದಲ್ಲಿ. ಈ ಜೋಡಿಯ ಹೋಲಿಕೆಯಲ್ಲೇ ಮುಂದಿನ ಕಥೆಯೆಲ್ಲ ಅಡಗಿದೆ.

ಒಳನಾಡಿನ ಮಾರ್ಗದ ಮೊದಲ ದೋಷ ಅದರ ತಲೆಯಲ್ಲಿತ್ತು. 1859ರಲ್ಲಿ ಹಾರ್ಕೋರ್ಟ್ ಬೀದಿಯಲ್ಲಿ ವಾಸ್ತುಶಿಲ್ಪಿ ಜಾರ್ಜ್ ವಿಲ್ಕಿನ್ಸನ್ ರೂಪಿಸಿದ, ಕಂಬಸಾಲಿನ ಗಂಭೀರ ಮುಖದ ಕೊನೆಯ ನಿಲ್ದಾಣ ತೆರೆಯಿತು. ಕಟ್ಟಡ ಚೆಂದ, ಜಾಗ ಮಾತ್ರ ತಪ್ಪು. ನಗರದ ಹೃದಯಭಾಗಕ್ಕೆ ಇನ್ನೂ ಸಾಕಷ್ಟು ದೂರವಿರುವಾಗಲೇ ಹಳಿ ಮುಗಿದುಹೋಗುತ್ತಿತ್ತು. ಹಳಿಗಳು ಬೀದಿಯ ಮಟ್ಟಕ್ಕಿಂತ ಮೇಲಿದ್ದವು, ಕೊನೆಯಲ್ಲಿ ಎಂಜಿನ್ ತಿರುಗಿಸುವ ತಿರುಗುಮಣೆ, ಅದರಾಚೆ ಒಂದು ಗೋಡೆ, ಗೋಡೆಯಾಚೆ ಕೆಳಗೆ ಹ್ಯಾಚ್ ಬೀದಿ.

ಆ ಗೋಡೆ ಎಂಥ ಅಂತ್ಯ ಎಂಬುದನ್ನು 1900ರ ಫೆಬ್ರುವರಿ 14ರಂದು ಒಂದು ದನದ ರೈಲು ತೋರಿಸಿತು. ಎನಿಸ್ಕಾರ್ಥಿಯಿಂದ ಜಾನುವಾರು ತುಂಬಿಕೊಂಡು ಬಂದ ಗಾಡಿ ನಿಲ್ದಾಣದಲ್ಲಿ ನಿಲ್ಲದೆ, ತಿರುಗುಮಣೆಯನ್ನು ದಾಟಿ, ಗೋಡೆಯನ್ನು ಒಡೆದುಕೊಂಡು ಹೊರಬಂತು. ಎಂಜಿನ್ನಿನ ಮುಂಭಾಗ ಹ್ಯಾಚ್ ಬೀದಿಯ ಮೇಲೆ ತೂಗಿ ನಿಂತಿತು. ಯಾರೂ ಸಾಯಲಿಲ್ಲ, ಆದರೆ ಎಳೆಯ ವಯಸ್ಸಿನ ಚಾಲಕ ಒಂದು ಕೈಯನ್ನು ಕಳೆದುಕೊಂಡ. ಗೋಡೆಯಿಂದ ಅರ್ಧ ಹೊರಚಾಚಿದ ಆ ಎಂಜಿನ್ನಿನ ಛಾಯಾಚಿತ್ರ ಐರ್ಲೆಂಡಿನಲ್ಲಿ ಇಂದಿಗೂ ಪ್ರಸಿದ್ಧ. ಅದನ್ನು ಬರಿಯ ಅಪಘಾತದ ಚಿತ್ರವೆಂದು ನೋಡಲು ನನಗೆ ಸಾಧ್ಯವಾಗುವುದಿಲ್ಲ. ಮುಂದೆ ಹೋಗಬೇಕಿದ್ದ ರೈಲಿಗೆ ಮುಂದೆ ದಾರಿಯೇ ಇರಲಿಲ್ಲ ಎಂಬುದನ್ನೂ ಅದು ಹೇಳುತ್ತದೆ.

ಅತ್ತ ಕರಾವಳಿ ಮಾರ್ಗಕ್ಕೆ 1891ರಲ್ಲೇ ದಾರಿ ತೆರೆದಿತ್ತು. ಆ ವರ್ಷ ನಗರದ ಬೀದಿಗಳ ಮೇಲೆ, ಲಿಫಿ ನದಿಯ ಮೇಲೆ ಸೇತುವೆ ಕಟ್ಟಿ, ದಕ್ಷಿಣದ ವೆಸ್ಟ್‌ಲ್ಯಾಂಡ್ ರೋ ನಿಲ್ದಾಣವನ್ನು ಉತ್ತರದ ಏಮಿಯನ್ಸ್ ಸ್ಟ್ರೀಟ್ ನಿಲ್ದಾಣಕ್ಕೆ ಜೋಡಿಸಿದರು. ಲೂಪ್ ಲೈನ್ ಎಂದು ಕರೆಯುವ ಆ ಕೊಂಡಿಯಿಂದ ಕರಾವಳಿಯ ರೈಲು ನಗರವನ್ನು ಸೀಳಿಕೊಂಡು ಹಾದುಹೋಗುವಂತಾಯಿತು. ಹಾರ್ಕೋರ್ಟ್ ಬೀದಿಯದು ಮಾತ್ರ ಕುರುಡುಗಲ್ಲಿಯಾಗಿಯೇ ಉಳಿಯಿತು. ಹಾದುಹೋಗುವ ರೈಲು ಊರಿನ ಎಲ್ಲ ಕಡೆಯ ಜನರಿಗೂ ಬೇಕಾಗುತ್ತದೆ. ಬಂದು ನಿಂತುಬಿಡುವ ರೈಲು ಆ ದಿಕ್ಕಿನ ಜನರಿಗೆ ಮಾತ್ರ ಬೇಕಾಗುತ್ತದೆ. ರೈಲುಮಾರ್ಗದ ಉಳಿವು ಅಳಿವಿನ ಲೆಕ್ಕದಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು.

ಆದರೂ ಈ ಮಾರ್ಗ ನೂರು ವರ್ಷ ನಿಷ್ಠೆಯಿಂದ ದುಡಿಯಿತು. ಮಾಲೀಕರು ಬದಲಾಗುತ್ತಲೇ ಇದ್ದರು. ಡಬ್ಲಿನ್ ಆ್ಯಂಡ್ ವಿಕ್ಲೋ ಕಂಪನಿಯ ಹೆಸರಿಗೆ ಮುಂದೆ ವೆಕ್ಸ್‌ಫರ್ಡ್ ಸೇರಿತು, ನಂತರ ಅದು ಡಬ್ಲಿನ್ ಆ್ಯಂಡ್ ಸೌತ್ ಈಸ್ಟರ್ನ್ ಆಯಿತು, 1925ರಲ್ಲಿ ಗ್ರೇಟ್ ಸದರ್ನ್ ರೈಲ್ವೇಸ್‌ನಲ್ಲಿ ಲೀನವಾಯಿತು, 1945ರಲ್ಲಿ ಸಿಐಇ ಎಂಬ ಸಾರಿಗೆ ಸಂಸ್ಥೆಯ ಕೈಗೆ ಬಂತು.

ಈ ಹಳಿಗಳ ಮೇಲೆ ಓಡಿದ ಒಂದು ರೈಲಿನ ಬಳಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಬ್ಯಾಟರಿ ರೈಲು ಎಂದರೆ ನಿನ್ನೆ ಮೊನ್ನೆಯ ಆವಿಷ್ಕಾರವೆಂದು ನಾವು ಭಾವಿಸುತ್ತೇವೆ. ಆದರೆ 1930ರ ದಶಕದಲ್ಲೇ ಡಬ್ಲಿನ್‌ನಿಂದ ಬ್ರೇಗೆ ಬ್ಯಾಟರಿ ರೈಲು ದಿನನಿತ್ಯ ಪ್ರಯಾಣಿಕರನ್ನು ಒಯ್ಯುತ್ತಿತ್ತು. ಅದನ್ನು ಸಾಧ್ಯವಾಗಿಸಿದವರು ರಸಾಯನಶಾಸ್ತ್ರಜ್ಞ ಜೇಮ್ಸ್ ಡ್ರಮ್. ಅವರು ಹುಟ್ಟಿದ ಊರಿನ ಹೆಸರೂ ಡಂಡ್ರಮ್ಮೇ, ಆದರೆ ಇದಲ್ಲ, ಉತ್ತರದ ಡೌನ್ ಕೌಂಟಿಯ ಡಂಡ್ರಮ್.

ಆಗ ಬಳಕೆಯಲ್ಲಿದ್ದ ಸೀಸದ ಬ್ಯಾಟರಿ ಭಾರ ಹೆಚ್ಚು, ತುಂಬಲು ಹೊತ್ತು ಹೆಚ್ಚು. ರೈಲಿಗೆ ಬೇಕಾದದ್ದು ಬೇರೆ ಗುಣ: ಹೊರಡುವಾಗ ಒಮ್ಮೆಲೇ ಬಹಳಷ್ಟು ವಿದ್ಯುತ್ತನ್ನು ಬಿಟ್ಟುಕೊಡಬೇಕು, ಕೊನೆಯ ನಿಲ್ದಾಣದಲ್ಲಿ ನಿಂತ ಸ್ವಲ್ಪ ಹೊತ್ತಿನಲ್ಲೇ ಮತ್ತೆ ತುಂಬಿಕೊಳ್ಳಬೇಕು. ಕ್ಷಾರದ್ರಾವಣದಲ್ಲಿ ನಿಕ್ಕಲ್ ಮತ್ತು ಸತುವನ್ನು ಬಳಸಿದ ಡ್ರಮ್ ಬ್ಯಾಟರಿ ಈ ಎರಡನ್ನೂ ಮಾಡಬಲ್ಲುದಾಗಿತ್ತು. ಕಾಲವೂ ಅನುಕೂಲವಾಗಿತ್ತು. ಕಲ್ಲಿದ್ದಲನ್ನು ಹೊರಗಿನಿಂದ ತರಿಸಬೇಕಾಗಿದ್ದ ದೇಶಕ್ಕೆ ಶ್ಯಾನನ್ ನದಿಯ ಆರ್ಡ್ನಕ್ರುಷಾ ಜಲವಿದ್ಯುತ್ ಸ್ಥಾವರ 1929ರಿಂದ ತನ್ನದೇ ವಿದ್ಯುತ್ ಕೊಡತೊಡಗಿತ್ತು. 1932ರಲ್ಲಿ ಮೊದಲ ಎರಡು ಡ್ರಮ್ ರೈಲುಗಳು ಸೇವೆಗೆ ಬಂದವು, 1939ರಲ್ಲಿ ಇನ್ನೆರಡು. ಅವು ಕರಾವಳಿಯ ಮಾರ್ಗದಲ್ಲೂ ಓಡಿದವು, ಹಾರ್ಕೋರ್ಟ್ ಬೀದಿಯ ಮಾರ್ಗದಲ್ಲೂ ಓಡಿದವು. ಯುದ್ಧಕಾಲದಲ್ಲಿ ಕಲ್ಲಿದ್ದಲು ಸಿಗದೆ ಉಗಿ ರೈಲುಗಳು ಸೊರಗಿದಾಗ ಇವು ನಿಜವಾದ ಆಸರೆಯಾದವು. ಬ್ಯಾಟರಿಗಳ ಆಯಸ್ಸು ಮುಗಿದಾಗ ಹೊಸತನ್ನು ಕೂಡಿಸಲಿಲ್ಲ. 1949ರಲ್ಲಿ ಈ ರೈಲುಗಳ ಸೇವೆ ನಿಂತಿತು. ಅಷ್ಟು ಮುಂದೆ ಹೋಗಿದ್ದ ಕೆಲಸವನ್ನು ಕೈಬಿಟ್ಟದ್ದು ನನಗೆ ಇಂದಿಗೂ ಸಂಕಟದ ವಿಷಯ.

ಇನ್ನು ಮಾರ್ಗದ ಸಾವಿಗೆ ಬರೋಣ. 1950ರ ದಶಕದಲ್ಲಿ ಡೀಸೆಲ್ ರೈಲುಗಳು ಬಂದವು, ಆದರೂ ಲೆಕ್ಕ ಸರಿಹೊಂದಲಿಲ್ಲ. 1958ರ ಸಾರಿಗೆ ಕಾಯ್ದೆ ಸಿಐಇಗೆ ಐದು ವರ್ಷದೊಳಗೆ ನಷ್ಟವಿಲ್ಲದೆ ನಡೆಯಬೇಕೆಂದು ಗಡುವು ಕೊಟ್ಟಿತು, ಮಾರ್ಗ ಮುಚ್ಚುವುದನ್ನು ಸುಲಭವೂ ಮಾಡಿತು. ಅದೇ ವರ್ಷ ಸಂಸ್ಥೆಯ ಅಧ್ಯಕ್ಷರಾಗಿ ಬಂದವರು ಟಾಡ್ ಆ್ಯಂಡ್ರೂಸ್. ನಗರದ ಮಧ್ಯಕ್ಕೆ ತಲುಪದ, ಬೇರೆ ಯಾವ ಮಾರ್ಗಕ್ಕೂ ಊರೊಳಗೆ ಕೂಡದ, ಬಸ್ಸಿನ ಪೈಪೋಟಿಗೆ ಸಿಕ್ಕ ಒಂದು ಹಳಿಯ ಮೇಲೆ ಕಣ್ಣು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. 1958ರ ಡಿಸೆಂಬರ್ 31ರಂದು ಕೊನೆಯ ರೈಲು ಓಡಿತು. ಮುಚ್ಚಿದ ಮೇಲೆ ಹಳಿ ಕಿತ್ತರು, ಜಾಗ ಮಾರಿದರು, ಕೆಲವು ಸೇತುವೆಗಳನ್ನು ಕೆಡವಿದರು.

ಅಂದಿನ ಲೆಕ್ಕವನ್ನು ಅಂದಿನ ಕಣ್ಣಿನಿಂದ ನೋಡಿದರೆ ಆ ತೀರ್ಮಾನಕ್ಕೆ ಕಾರಣವಿತ್ತು. ಡಂಡ್ರಮ್‌ನ ಆಚೆ ಸ್ಟಿಲ್ಲೋರ್ಗನ್, ಫಾಕ್ಸ್‌ರಾಕ್, ಕ್ಯಾರಿಕ್‌ಮೈನ್ಸ್ ಕಡೆ ಆಗ ಮನೆಗಳು ವಿರಳ, ಹೊಲಗಳೇ ಹೆಚ್ಚು. ಆದರೆ ಅವರು ಎಣಿಸಿದ್ದು ಅಂದು ಹತ್ತುತ್ತಿದ್ದ ಪ್ರಯಾಣಿಕರನ್ನು. ಆ ಹೊಲಗಳಲ್ಲಿ ಮುಂದೆ ಬರಲಿದ್ದ ಮನೆಗಳನ್ನು ಎಣಿಸಲಿಲ್ಲ. ನಗರ ದಕ್ಷಿಣಕ್ಕೆ ಹಬ್ಬತೊಡಗುವ ಹೊತ್ತಿಗೆ ಸರಿಯಾಗಿ ಅತ್ತ ಹೋಗುತ್ತಿದ್ದ ರೈಲನ್ನು ಕಿತ್ತದ್ದಾಯಿತು. 1949ರಲ್ಲೇ ನಗರದ ಟ್ರಾಮ್‌ಗಳೂ ನಿಂತಿದ್ದವು. ಹೀಗಾಗಿ ಮುಂದಿನ ಪೀಳಿಗೆಯ ಡಂಡ್ರಮ್‌ಗೆ ಉಳಿದದ್ದು ರಸ್ತೆ ಮಾತ್ರ.

ರೈಲುಮಾರ್ಗದಲ್ಲಿ ನಿಜವಾಗಿ ಬೆಲೆಬಾಳುವುದು ಯಾವುದು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಬೋಗಿ ಹಳತಾದರೆ ಹೊಸತು ಕೊಳ್ಳಬಹುದು. ಹಳಿ ಸವೆದರೆ ಬದಲಿಸಬಹುದು. ನಿಲ್ದಾಣ ಬಿದ್ದರೆ ಕಟ್ಟಬಹುದು. ಆದರೆ ನಗರದ ನಡುವಿನಿಂದ ಹೊರವಲಯದವರೆಗೆ ಎಲ್ಲೂ ತುಂಡಾಗದ, ಕಡಿದಾದ ಏರಿಲ್ಲದ, ರಸ್ತೆಗಳನ್ನು ಮೇಲಿನಿಂದಲೋ ಕೆಳಗಿನಿಂದಲೋ ದಾಟುವ ಒಂದು ನೆಲದ ಪಟ್ಟಿ ಇದೆಯಲ್ಲ, ಅದನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ಪಡೆಯುವುದು ಬಹುಮಟ್ಟಿಗೆ ಅಸಾಧ್ಯ. ಬೆಂಗಳೂರಿನಲ್ಲಿ ಮೆಟ್ರೊಗಾಗಿ ಭೂಸ್ವಾಧೀನ ನಡೆದ ರಸ್ತೆಗಳ ಬದಿಯಲ್ಲಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಂಡ್ರಮ್‌ನ ಭಾಗ್ಯವೆಂದರೆ ಆ ಪಟ್ಟಿಯ ಬಹುಭಾಗದ ಮೇಲೆ ಯಾರೂ ಮನೆ ಕಟ್ಟಲಿಲ್ಲ. ಸ್ಥಳೀಯ ಯೋಜನಾ ಪ್ರಾಧಿಕಾರಗಳು ಅದನ್ನು ಸಾರಿಗೆಗಾಗಿ ಕಾದಿರಿಸಿದವು. ಮಿಲ್‌ಟೌನ್‌ನಲ್ಲಿ ಡಾಡರ್ ನದಿಯ ಮೇಲಿನ ಒಂಬತ್ತು ಕಮಾನುಗಳ ಕಲ್ಲುಸೇತುವೆ ಹಳಿಯಿಲ್ಲದೆಯೇ ನಿಂತಿತ್ತು. ಕೆಳಗೆ ನೀರು ಹರಿಯುತ್ತಿತ್ತು, ಮೇಲೆ ಹುಲ್ಲು ಬೆಳೆಯುತ್ತಿತ್ತು. 1984ರಲ್ಲಿ ಕರಾವಳಿ ಮಾರ್ಗ ಡಾರ್ಟ್ ಎಂಬ ಹೆಸರಿನಲ್ಲಿ ವಿದ್ಯುತ್ ರೈಲಾಗಿ ಹೊಸ ಜೀವ ಪಡೆದಾಗ ಒಳನಾಡಿನ ಮಾರ್ಗದ ಕೊರತೆ ಇನ್ನಷ್ಟು ಎದ್ದು ಕಂಡಿತು. 1990ರ ದಶಕದ ಮಧ್ಯಭಾಗದ ಹೊತ್ತಿಗೆ ಡಬ್ಲಿನ್‌ಗೆ ಲಘು ರೈಲು ಬೇಕೆಂಬ ಶಿಫಾರಸು ಬಂತು, 1996ರಲ್ಲಿ ಅದಕ್ಕಾಗಿ ಕಾಯ್ದೆಯೂ ಆಯಿತು.

ಲಘು ರೈಲು ಎಂದರೇನು? ಕರ್ನಾಟಕದಲ್ಲಿ ‘ಲೈಟ್ ರೈಲ್ವೆ’ ಎಂಬ ಹಳೆಯ ಮಾತು ಕೇಳಿದವರಿಗೆ ಗೊಂದಲವಾಗಬಹುದು. ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬುದೊಂದು ಇತ್ತು. ದೇವನಹಳ್ಳಿ, ನಂದಿ ಹಾಲ್ಟ್ ಕಡೆಯ ಕಿರುಹಳಿ ಮಾರ್ಗವದು. ಅಲ್ಲಿ ಲಘು ಎಂದರೆ ಕಡಿಮೆ ಖರ್ಚಿನಲ್ಲಿ ಹಾಕಿದ ಸಣ್ಣ ಹಳಿ, ಸಣ್ಣ ಗಾಡಿ. ಇಂದಿನ ನಗರಗಳ ಲಘು ರೈಲು ಬೇರೆ. ಅದರ ಗಾಡಿ ಕಿರಿದೇನೂ ಅಲ್ಲ, ಡಂಡ್ರಮ್ ಮೂಲಕ ಹೋಗುವ ಲುವಾಸ್ ಮಾರ್ಗವಾದ ಗ್ರೀನ್ ಲೈನ್‌ನ ಹೊಸ ಟ್ರಾಮ್‌ಗಳು ಸುಮಾರು 55 ಮೀಟರ್ ಉದ್ದ. ಅದು ‘ಲಘು’ವಾಗಿರುವುದು ನೆಲದ ಮೇಲೆ ಅದು ಹೇರುವ ಬೇಡಿಕೆಯಲ್ಲಿ. ಸಾಮಾನ್ಯ ರೈಲಿಗೆ ತನ್ನದೇ ಬೇಲಿ, ತನ್ನದೇ ಸಿಗ್ನಲ್ ವ್ಯವಸ್ಥೆ, ಹಿಗ್ಗಲಿಸಿದ ತಿರುವುಗಳು, ಎತ್ತರದ ಪ್ಲಾಟ್‌ಫಾರ್ಮ್ ಬೇಕು. ಲಘು ರೈಲು ಬೀದಿಯ ಮೂಲೆಯಲ್ಲಿ ತಿರುಗಬಲ್ಲದು, ಕಡಿದಾದ ಏರು ಹತ್ತಬಲ್ಲದು, ಬೀದಿಯಲ್ಲಿ ಬಸ್ಸಿನ ಚಾಲಕನಂತೆ ಕಣ್ಣಿನಿಂದ ನೋಡಿಕೊಂಡೇ ನಿಲ್ಲಬಲ್ಲದು, ಪಾದಚಾರಿ ಹಾದಿಗಿಂತ ತುಸುವೇ ಎತ್ತರದ ಕಟ್ಟೆಯಿಂದ ಜನರನ್ನು ಹತ್ತಿಸಿಕೊಳ್ಳಬಲ್ಲದು. ಖಾಲಿ ದಾರಿ ಸಿಕ್ಕಿದರೆ ರೈಲಿನಂತೆಯೂ ಓಡಬಲ್ಲದು.

ಹಾರ್ಕೋರ್ಟ್ ಮಾರ್ಗದ ಹಳೆಯ ಕಾಯಿಲೆಗೆ ಇದೇ ಮದ್ದಾಯಿತು. ಉಗಿ ರೈಲಿಗೆ ಗೋಡೆಯಾಚೆ ಬೀದಿಗೆ ಇಳಿಯಲು ಸಾಧ್ಯವಿರಲಿಲ್ಲ. ಟ್ರಾಮ್ ಇಳಿಯಿತು! ಇಂದು ಹಳೆಯ ನಿಲ್ದಾಣದ ಕಂಬಸಾಲಿನ ಎದುರಿನ ಬೀದಿಯಲ್ಲೇ ಟ್ರಾಮ್ ನಿಲ್ಲುತ್ತದೆ, ಅಲ್ಲಿಂದ ನಗರದೊಳಕ್ಕೆ ನಡೆಯುತ್ತದೆ.

ದಾರಿ ಹಳೆಯದಾದರೂ ಅದರ ಮೇಲಿನ ವ್ಯವಸ್ಥೆಯೆಲ್ಲ ಹೊಸದು. ಹಳಿಗಳ ಅಂತರವೇ ಬೇರೆ. ಐರ್ಲೆಂಡಿನ ರೈಲುಗಳ ಗೇಜ್ 1600 ಮಿಲಿಮೀಟರ್. ಆರಂಭದಲ್ಲಿ ಅಲ್ಲಿನ ಕಂಪನಿಗಳು ತಲಾ ಒಂದೊಂದು ಅಳತೆಯ ಹಳಿ ಹಾಕಿಕೊಂಡು ಜಗಳವಾದಾಗ ಬೇರೆ ಬೇರೆ ಅಳತೆಗಳ ನಡುವಿನ ಒಂದನ್ನು ಆರಿಸಿ 5 ಅಡಿ 3 ಅಂಗುಲ ಎಂದು 1840ರ ದಶಕದಲ್ಲಿ ತೀರ್ಮಾನಿಸಲಾಯಿತು. ಲುವಾಸ್ ಓಡುವುದು 1435 ಮಿಲಿಮೀಟರ್ ಗೇಜಿನಲ್ಲಿ. ಕಾರಣ ಸರಳ: ಯೂರೋಪಿನ ಟ್ರಾಮ್ ಕಾರ್ಖಾನೆಗಳಲ್ಲಿ ಸಿದ್ಧವಾಗಿ ಸಿಗುವ ಗಾಡಿಗಳು ಹೆಚ್ಚಾಗಿ ಆ ಅಳತೆಯವು. ನಮ್ಮ ರೈಲುಗಳು 1676 ಮಿಲಿಮೀಟರ್ ಬ್ರಾಡ್‌ಗೇಜ್ ಆಗಿದ್ದರೂ ನಮ್ಮ ಮೆಟ್ರೊ 1435 ಆಗಿರುವುದನ್ನು ನೆನೆಯಿರಿ. ಇನ್ನೊಂದು ಸಾಮ್ಯವೂ ಇದೆ. ನಮ್ಮ ಮೆಟ್ರೊ ಮತ್ತು ಲುವಾಸ್ ಎರಡೂ 750 ವೋಲ್ಟ್ ನೇರ ವಿದ್ಯುತ್ತಿನಿಂದ ಓಡುತ್ತವೆ. ಆದರೆ ನಮ್ಮ ಮೆಟ್ರೊಗೆ ವಿದ್ಯುತ್ ಸಿಗುವುದು ಹಳಿಯ ಪಕ್ಕದ ಮೂರನೆಯ ಹಳಿಯಿಂದ, ಲುವಾಸ್‌ಗೆ ತಲೆಯ ಮೇಲಿನ ತಂತಿಯಿಂದ. ಎತ್ತರದಲ್ಲೋ ಸುರಂಗದಲ್ಲೋ ಓಡುವ ಮೆಟ್ರೊ ಹಳಿಗೆ ಜನ ಇಳಿಯುವಂತಿಲ್ಲ. ಟ್ರಾಮಿನ ಹಳಿಯ ಮೇಲೆ ಮಕ್ಕಳೂ ನಡೆದು ದಾಟುತ್ತಾರೆ. ಅಲ್ಲಿ ನೆಲಮಟ್ಟದಲ್ಲಿ ವಿದ್ಯುತ್ ಹರಿಯುವ ಬರಿಯ ಹಳಿ ಇಡಲಾಗದು.

ಪಟ್ಟಿ ತುಂಡಾದ ಕಡೆ ಎಷ್ಟು ತೆರಬೇಕಾಗುತ್ತದೆ ಎಂಬುದಕ್ಕೆ ಡಂಡ್ರಮ್‌ನಲ್ಲೇ ಸಾಕ್ಷಿಯಿದೆ. ಟೇನಿ ರಸ್ತೆಯ ಕೂಡುವಿಕೆಯಲ್ಲಿದ್ದ ಹಳೆಯ ರೈಲುಸೇತುವೆಯನ್ನು ಕೆಡವಿದ್ದರು. ಆಮೇಲೆ ಆ ಕೂಡುರಸ್ತೆ ಅಗಲವಾಗಿ, ವಾಹನಗಳಿಂದ ಕಿಕ್ಕಿರಿದು ಹೋಯಿತು. ಮತ್ತೆ ಮೇಲಿನಿಂದ ದಾಟಬೇಕೆಂದಾಗ ನಡುವೆ ಕಂಬ ಊರಲು ಜಾಗವಿರಲಿಲ್ಲ. ಹಾಗಾಗಿ ಒಂದು ಬದಿಯಲ್ಲಿ ಸುಮಾರು 50 ಮೀಟರ್ ಎತ್ತರದ ಗೋಪುರ ನಿಲ್ಲಿಸಿ, ಅದರಿಂದ ಉಕ್ಕಿನ ಹುರಿಗಳನ್ನು ಇಳಿಬಿಟ್ಟು, ಕೂಡುರಸ್ತೆಯನ್ನು ಒಂದೇ ನೆಗೆತದಲ್ಲಿ ದಾಟುವ ತೂಗುಹುರಿ ಸೇತುವೆಯನ್ನು ಕಟ್ಟಬೇಕಾಯಿತು. ಇಂದು ಡಂಡ್ರಮ್ ಎಂದರೆ ದೂರದಿಂದ ಮೊದಲು ಕಾಣುವುದು ಅದೇ ಗೋಪುರ.

ಆ ಸೇತುವೆಗೆ ವಿಲಿಯಂ ಡಾರ್ಗನ್ ಹೆಸರಿಟ್ಟದ್ದು ನನಗೆ ಬಹಳ ಸಂತೋಷ ಕೊಡುತ್ತದೆ. 1834ರಲ್ಲಿ ತೆರೆದ ಐರ್ಲೆಂಡಿನ ಮೊದಲ ರೈಲುಮಾರ್ಗವನ್ನು ಕಟ್ಟಿದ ಗುತ್ತಿಗೆದಾರರು ಅವರು. ಈ ಸೀಮೆಯ ರೈಲು ಕಂಪನಿಯೊಂದಿಗೂ ಅವರಿಗೆ ನಿಕಟ ನಂಟಿತ್ತು. ಡಂಡ್ರಮ್ ಸಮೀಪದ ಮೌಂಟ್ ಆನ್‌ವಿಲ್‌ನಲ್ಲಿ ಅವರ ಮನೆಯಿತ್ತು. 1853ರಲ್ಲಿ ಡಬ್ಲಿನ್‌ನಲ್ಲಿ ದೊಡ್ಡ ಕೈಗಾರಿಕಾ ಪ್ರದರ್ಶನವನ್ನು ಸ್ವಂತ ಹಣ ಹಾಕಿ ನಡೆಸಿದರು. ವಿಕ್ಟೋರಿಯಾ ರಾಣಿ ಅವರ ಮನೆಗೇ ಬಂದು ಬಿರುದು ಕೊಡಲು ಮುಂದಾದಾಗ ಬೇಡವೆಂದರು. ಕೊನೆಗಾಲದಲ್ಲಿ ಕುದುರೆಯಿಂದ ಬಿದ್ದು, ವ್ಯವಹಾರ ಕುಸಿದು, 1867ರಲ್ಲಿ ತೀರಿಕೊಂಡರು. ಇಡೀ ದೇಶಕ್ಕೆ ರೈಲು ಕಟ್ಟಿದವರ ಹೆಸರು ಅವರ ಮನೆಯ ಹತ್ತಿರದ ಹಳಿಯ ಮೇಲೆಯೇ ಉಳಿದಿದೆ.

2004ರ ಜೂನ್ 30ರಂದು ಸ್ಟೀಫನ್ಸ್ ಗ್ರೀನ್‌ನಿಂದ ಡಂಡ್ರಮ್ ಮೂಲಕ ಸ್ಯಾಂಡಿಫರ್ಡ್‌ವರೆಗೆ ಗ್ರೀನ್ ಲೈನ್ ತೆರೆಯಿತು. ಐರಿಷ್‌ನಲ್ಲಿ ಲುವಾಸ್ ಎಂದರೆ ವೇಗ. ಆದರೆ ಹಳೆಯ ತಪ್ಪಿನ ನೆರಳು ಆಗಲೂ ಬಿಟ್ಟಿರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೆರೆದ ರೆಡ್ ಲೈನ್‌ಗೂ ಇದಕ್ಕೂ ನಗರಮಧ್ಯದಲ್ಲಿ ಹಳಿಯ ಕೊಂಡಿ ಇರಲಿಲ್ಲ. ಒಂದರಿಂದ ಇಳಿದು ಇನ್ನೊಂದಕ್ಕೆ ಕಾಲ್ನಡಿಗೆಯಲ್ಲೇ ಹೋಗಬೇಕಿತ್ತು. 2017ರ ಡಿಸೆಂಬರ್ 9ರಂದು ಗ್ರೀನ್ ಲೈನ್ ಲಿಫಿ ನದಿಯನ್ನು ದಾಟಿ ಉತ್ತರದ ಬ್ರೂಮ್‌ಬ್ರಿಜ್‌ವರೆಗೆ ಹೋಯಿತು, ದಾರಿಯಲ್ಲಿ ರೆಡ್ ಲೈನ್ ಅನ್ನೂ ಸಂಧಿಸಿತು. ಡಂಡ್ರಮ್‌ನಲ್ಲಿ ಹತ್ತಿದವರು ಇಳಿಯದೆ ನಗರದ ಆಚೆ ಬದಿಗೆ ತಲುಪಲು 1854ರಿಂದ ಲೆಕ್ಕ ಹಾಕಿದರೆ 163 ವರ್ಷ ಬೇಕಾಯಿತು.

ಈಗಿನ ಚಿಂತೆ ಬೇರೆ. ಬೆಳಗಿನ ಹೊತ್ತು ಟ್ರಾಮ್‌ಗಳು ಕಿಕ್ಕಿರಿದಿರುತ್ತವೆ. ಗ್ರ್ಯಾಂಡ್ ಕಾಲುವೆಯ ಬಳಿಯ ಶಾರ್ಲೆಮಾಂಟ್ ನಿಲ್ದಾಣದಿಂದ ಸ್ಯಾಂಡಿಫರ್ಡ್‌ವರೆಗಿನ ಭಾಗವನ್ನು ಮುಂದೊಂದು ದಿನ ಮೆಟ್ರೊ ಆಗಿಸಬಹುದಾದ ಹಾಗೆಯೇ ಕಟ್ಟಿದ್ದರು. ಉತ್ತರದ ವಿಮಾನ ನಿಲ್ದಾಣದ ಕಡೆಯಿಂದ ಬರುವ ಮೆಟ್ರೊವನ್ನು ಇದಕ್ಕೆ ಜೋಡಿಸುವ ಯೋಜನೆ 2018ರಲ್ಲಿ ಮುಂದೆ ಬಂತು. ಮೆಟ್ರೊ ಆದರೆ ಬೀಚ್‌ವುಡ್ ಬಳಿ ಡನ್ವಿಲ್ ಅವೆನ್ಯೂ ಹಳಿಯನ್ನು ನೆಲಮಟ್ಟದಲ್ಲಿ ದಾಟುವುದು ನಿಲ್ಲಬೇಕು. ಪರಿವರ್ತನೆಯ ಕೆಲಸಕ್ಕೆ ಟ್ರಾಮ್ ಸೇವೆಯೂ ದೀರ್ಘಕಾಲ ನಿಲ್ಲಬೇಕು. ವಿರೋಧ ಬಂತು. 2019ರಲ್ಲಿ ಆ ಮೆಟ್ರೊ ಯೋಜನೆಯನ್ನು ಶಾರ್ಲೆಮಾಂಟ್‌ಗೇ ಮೊಟಕುಗೊಳಿಸಿದರು. ಅಂದರೆ ಅದೇ ಕಾಲುವೆಯ ಹತ್ತಿರ ಮತ್ತೊಂದು ಮಾರ್ಗಕ್ಕೆ ಕೊನೆ ಗುರುತಿಸಿದ್ದಾರೆ.

ದಕ್ಷಿಣದ ತುದಿಯನ್ನೂ ನೋಡಬೇಕು. 2010ರ ಅಕ್ಟೋಬರಿನಲ್ಲಿ ಟ್ರಾಮ್ ಸ್ಯಾಂಡಿಫರ್ಡ್‌ನಿಂದ ಬ್ರೈಡ್ಸ್ ಗ್ಲೆನ್‌ವರೆಗೆ ಮುಂದುವರಿಯಿತು. ಈ ಭಾಗದಲ್ಲಿ ಹಳೆಯ ಪಟ್ಟಿ ಪೂರ್ತಿ ಸಿಗಲಿಲ್ಲ. ಟ್ರಾಮ್ ಹೊಸ ಬಡಾವಣೆಗಳ ಕಡೆ ಬಳಸಿ ಹೋಗಿ ಕ್ಯಾರಿಕ್‌ಮೈನ್ಸ್ ಕಡೆ ಹಳೆಯ ದಾರಿಯ ಸಮೀಪಕ್ಕೆ ಬರುತ್ತದೆ. ಅದರ ಮುಂದಿನ, ಬ್ರೇ ಕಡೆಯ ಕೊನೆಯ ತುಂಡಿನ ಕಥೆಯೂ ಸ್ವಾರಸ್ಯವಾದದ್ದು. ಕರಾವಳಿಯ ಹಳಿಯನ್ನು ಕಡಲ್ಕೊರೆತ ಕಾಡಿದ್ದರಿಂದ 1915ರಲ್ಲಿ ಅದನ್ನು ಒಳಕ್ಕೆ ಸರಿಸಿ ಶ್ಯಾಂಕಿಲ್ ಹತ್ತಿರ ಹಾರ್ಕೋರ್ಟ್ ಮಾರ್ಗಕ್ಕೆ ಕೂಡಿಸಿದ್ದರು. 1958ರಲ್ಲಿ ಹಾರ್ಕೋರ್ಟ್ ಮಾರ್ಗ ಮುಚ್ಚಿದರೂ ಆ ಪಾಲು ಉಳಿಯಿತು. ಇಂದು ಅಲ್ಲಿ ಡಾರ್ಟ್ ಓಡುತ್ತದೆ. ಎರಡು ತುದಿಗಳಲ್ಲೂ ರೈಲು ಬಂದಿದೆ, ನಡುವಿನ ಒಂದು ತುಂಡು ಮಾತ್ರ ಬಾಕಿ. ಟ್ರಾಮ್ ಅನ್ನು ಬ್ರೇವರೆಗೆ ಒಯ್ಯುವ ಆಲೋಚನೆ ಯೋಜನೆಗಳಲ್ಲಿದೆ.

ಬ್ರೈಡ್ಸ್ ಗ್ಲೆನ್‌ನಲ್ಲಿ ಟ್ರಾಮ್‌ನಿಂದ ಇಳಿದವರಿಗೆ ಹಳಿಯ ಕೊನೆಯ ಹತ್ತಿರದಲ್ಲೇ, ಮರಗಳ ನಡುವೆ, ಕಣಿವೆಗೆ ಅಡ್ಡಲಾಗಿ ಹಳೆಯ ಮಾರ್ಗದ ಕಲ್ಲುಸೇತುವೆ ಕಾಣಸಿಗುತ್ತದೆ. ಅದರ ಕಮಾನುಗಳು ಇನ್ನೂ ಗಟ್ಟಿಯಾಗಿ ನಿಂತಿವೆ. ಮೇಲೆ ಹಳಿಯಿಲ್ಲ.